ಹವ್ಯಾಸದ ಪೊಟ್ಟಣ, ಪ್ರವಾಸದ ಪೆಟ್ಟಿಗೆ: ಗಡಿ ದಾಟುವ ಸಣ್ಣ ಸರಕಿನ ಸುಂಕ ವಿಚಾರ

ಗಡಿ ದಾಟಿದ ವಸ್ತು ಯಾವುದು ಎಂಬುದರ ಜೊತೆಗೆ, ಅದು ಯಾವ ದಾರಿಯಿಂದ, ಯಾರ ಹೆಸರಿನಲ್ಲಿ, ಯಾವ ಉದ್ದೇಶಕ್ಕಾಗಿ ದಾಟಿತು ಎಂಬುದನ್ನೂ ಸುಂಕದ ಕಾನೂನು ಕೇಳುತ್ತದೆ. ಕಾಲು ಕಿಲೋ ತೂಗುವ ಒಂದು ವಿದ್ಯುತ್ ಮೋಟಾರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಸಂಸ್ಥೆಯ ಹೆಸರಿನಲ್ಲಿ ಬಿಲ್ ಆಫ್ ಎಂಟ್ರಿಯೊಡನೆ ಬಂದರೆ ವ್ಯಾಪಾರಿ ಆಮದು. ಮಾಲೀಕರ ಮಗನ ಮಾದರಿ ವಿಮಾನಕ್ಕೆಂದು ಕೊರಿಯರ್ ಮೂಲಕ ಮನೆಯ ವಿಳಾಸಕ್ಕೆ ಬಂದರೆ ಸ್ವಂತ ಬಳಕೆಯ ಆಮದು. ಕ್ಯಾಂಟನ್ ಮೇಳಕ್ಕೆ ಹೋದ ಮಾಲೀಕರು ಅದನ್ನೇ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ದೇವನಹಳ್ಳಿಯಲ್ಲಿ ಇಳಿದರೆ ಅದು ಪ್ರಯಾಣ ಸಾಮಾನು. ಮೋಟಾರು ಒಂದೇ, ಅನ್ವಯವಾಗುವ ನಿಯಮಗಳು ಮೂರು ಬಗೆ.

ಹಡಗಿನಲ್ಲಿ ಬರುವ ಕಂಟೇನರಿಗೆ ಕಸ್ಟಮ್ಸ್ ಬ್ರೋಕರ್ ಇರುತ್ತಾರೆ, ಬ್ಯಾಂಕ್ ಇರುತ್ತದೆ, ಲೆಕ್ಕಪರಿಶೋಧಕರ ಕಣ್ಣೂ ಇರುತ್ತದೆ. ತೊಂದರೆ ಹುಟ್ಟುವುದು ಬಹುಮಟ್ಟಿಗೆ ಯಾರೂ ಗಮನಿಸದ ಈ ಸಣ್ಣ ಪೊಟ್ಟಣದಲ್ಲಿ. ಸಣ್ಣದೆಂಬ ಕಾರಣಕ್ಕೆ ಅದಕ್ಕೆ ಕಾಗದಪತ್ರ ಬೇಕಿಲ್ಲವೆಂದು ಭಾವಿಸುವುದು ವರ್ತಕರಲ್ಲಿ ರೂಢಿಯಾಗಿಬಿಟ್ಟಿದೆ.

ಉಡುಗೊರೆ ಎಂಬ ಹಳೆಯ ನಂಬಿಕೆ

ವಿದೇಶದಿಂದ ಅಂಚೆ ಅಥವಾ ಕೊರಿಯರ್ ಮೂಲಕ 5,000 ರೂ. ಮೌಲ್ಯದವರೆಗಿನ ಉಡುಗೊರೆಗೆ ಸುಂಕವಿಲ್ಲ ಎಂಬ ಮಾತು ಈಗಲೂ ಮಾರುಕಟ್ಟೆಯಲ್ಲಿ ಕೇಳಿಬರುತ್ತದೆ. ಅದು ಒಂದು ಕಾಲಕ್ಕೆ ನಿಜವಾಗಿತ್ತು. ಆದರೆ ವಿದೇಶಿ ಜಾಲತಾಣಗಳಲ್ಲಿ ಹಣ ಕೊಟ್ಟು ಕೊಂಡ ಸರಕೂ ಉಡುಗೊರೆಯ ಚೀಟಿ ಅಂಟಿಸಿಕೊಂಡು ರಾಶಿರಾಶಿಯಾಗಿ ಬರತೊಡಗಿದ ಕಾರಣ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು 2019ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ ಈ ಬಾಗಿಲನ್ನು ಮುಚ್ಚಿತು. ಜೀವರಕ್ಷಕ ಔಷಧಗಳು ಮತ್ತು ರಾಖಿ, ಈ ಎರಡಕ್ಕೆ ಮಾತ್ರ ವಿನಾಯಿತಿ ಉಳಿಯಿತು. ರಾಖಿಯೊಡನೆ ಬರುವ ಉಡುಗೊರೆಗೂ ಅದು ಸಲ್ಲದೆಂದು ಅಧಿಸೂಚನೆಯಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಪೂರ್ಣ ಸುಂಕ ತೆತ್ತು ಉಡುಗೊರೆಯನ್ನು ತರಿಸಿಕೊಳ್ಳಲು ಅಡ್ಡಿಯಿಲ್ಲ.

ಇಲ್ಲಿ ಎಚ್ಚರ ವಹಿಸಬೇಕಾದ ಒಂದು ಸಂಗತಿಯಿದೆ. ಹೊರದೇಶದ ಮಾರಾಟಗಾರನು ಗ್ರಾಹಕನಿಗೆ ಉಪಕಾರ ಮಾಡುವ ಭಾವನೆಯಿಂದ, ಕೇಳದೆಯೇ, ನೂರು ಡಾಲರಿನ ಸರಕಿನ ಮೇಲೆ ‘ಉಡುಗೊರೆ, ಹತ್ತು ಡಾಲರ್’ ಎಂದು ಬರೆದುಬಿಡುತ್ತಾನೆ. ಕಾನೂನಿನ ದೃಷ್ಟಿಯಲ್ಲಿ ಉತ್ತರ ಕೊಡಬೇಕಾದವನು ಆ ಮಾರಾಟಗಾರನಲ್ಲ, ಆಮದುದಾರ. ಹಣ ಪಾವತಿಯ ವಿವರ ಕಾರ್ಡಿನ ಲೆಕ್ಕದಲ್ಲಿ ದಾಖಲಾಗಿರುತ್ತದೆ; ತಪ್ಪು ಘೋಷಣೆ ಸಾಬೀತಾದರೆ 1962ರ ಕಸ್ಟಮ್ಸ್ ಅಧಿನಿಯಮದ 111ನೆಯ ಕಲಮಿನ ಮೇರೆಗೆ ಸರಕು ಮುಟ್ಟುಗೋಲಿಗೆ ಗುರಿಯಾಗುತ್ತದೆ, 112ನೆಯ ಕಲಮಿನ ಮೇರೆಗೆ ದಂಡವೂ ಬೀಳಬಹುದು. ಆರ್ಡರ್ ಕೊಡುವಾಗಲೇ ನಿಜವಾದ ಬೆಲೆಯ ಇನ್‌ವಾಯ್ಸ್ ಪೊಟ್ಟಣದ ಹೊರಗೆ ಇರಬೇಕೆಂದು ಲಿಖಿತವಾಗಿ ತಿಳಿಸುವುದು ಒಂದು ಸಾಲಿನ ಕೆಲಸ. ಆ ಪತ್ರದ ಪ್ರತಿಯನ್ನು ಕಡತದಲ್ಲಿ ಇಡತಕ್ಕದ್ದು.

ಒಂದು ಲೆಕ್ಕ

ಬಡಗಿ ಕೆಲಸದ ಹವ್ಯಾಸವಿರುವ ಒಬ್ಬ ಸಣ್ಣ ಕೈಗಾರಿಕೆಯ ಮಾಲೀಕರು ಮರಗೆತ್ತನೆಯ ಉಳಿಗಳ ಒಂದು ಸೆಟ್ ತರಿಸಿದರೆಂದು ಇಟ್ಟುಕೊಳ್ಳೋಣ. ಬೆಲೆ 8,000 ರೂ., ವಿಮಾನ ಸಾಗಣೆ 1,500 ರೂ. ಸುಂಕದ ಲೆಕ್ಕ 8,000ದ ಮೇಲೆ ನಡೆಯುವುದಿಲ್ಲ. ಸಾಗಣೆ ವೆಚ್ಚವನ್ನೂ ವಿಮೆಯನ್ನೂ ಕೂಡಿಸಬೇಕು. ವಿಮೆಯ ಮೊತ್ತ ತಿಳಿಯದಿದ್ದರೆ ಮೌಲ್ಯನಿರ್ಣಯ ನಿಯಮಗಳಂತೆ ಸರಕಿನ ಬೆಲೆಯ ಶೇ. 1.125, ಅಂದರೆ 90 ರೂ. ವಿಮಾನದಲ್ಲಿ ಬಂದ ಸರಕಿಗೆ ಸಾಗಣೆ ವೆಚ್ಚವನ್ನು ಬೆಲೆಯ ಶೇ. 20ಕ್ಕಿಂತ ಹೆಚ್ಚಾಗಿ ಕೂಡಿಸುವಂತಿಲ್ಲ ಎಂಬುದು ಆಮದುದಾರನಿಗೆ ಅನುಕೂಲವಾದ ಮಿತಿ. ಇಲ್ಲಿ 1,500 ಆ ಮಿತಿಯೊಳಗೇ ಇದೆ. ಒಟ್ಟು ಮೌಲ್ಯ 9,590 ರೂ.

ಮೂಲ ಸುಂಕ ಶೇ. 10, ಸಮಗ್ರ ಜಿಎಸ್‌ಟಿ ಶೇ. 18 ಎಂದು ಉದಾಹರಣೆಗಾಗಿ ಹಿಡಿದರೆ, ಮೂಲ ಸುಂಕ 959 ರೂ.; ಅದರ ಮೇಲೆ ಶೇ. 10ರ ಸಾಮಾಜಿಕ ಕಲ್ಯಾಣ ಅಧಿಭಾರ 95.90, ಇವೆಲ್ಲ ಸೇರಿ ಆದ 10,644.90ರ ಮೇಲೆ ಜಿಎಸ್‌ಟಿ 1,916.08. ಒಟ್ಟು 2,970.98 ರೂ. ಎಂದರೆ ಸರಕಿನ ಬೆಲೆಯ ಶೇ. 37ರಷ್ಟು. ಇದರ ಮೇಲೆ ಕೊರಿಯರ್ ಸಂಸ್ಥೆಯು ತೆರವಿನ ಕೆಲಸಕ್ಕಾಗಿ ಪಡೆಯುವ ಶುಲ್ಕ ಬೇರೆ. ಸಾವಿರ ರೂಪಾಯಿಯ ಪೊಟ್ಟಣವಾಗಿದ್ದರೆ ಈ ಶುಲ್ಕವೇ ಮೂಗಿಗಿಂತ ಮೂಗುತಿ ಭಾರವಾಗುವುದುಂಟು.

ಈಗ ನಿಜವಾದ ಪ್ರಶ್ನೆ. ಆ ಉಳಿಗಳು ಮನೆಯ ಅಟ್ಟದಲ್ಲಿ ಉಳಿಯುತ್ತವೆಯೋ, ಕಾರ್ಖಾನೆಯ ಕೆಲಸದ ಮೇಜಿಗೆ ಬರುತ್ತವೆಯೋ? ಸಂಸ್ಥೆಯ ಹೆಸರು, ಐಇಸಿ ಮತ್ತು ಜಿಎಸ್‌ಟಿ ಸಂಖ್ಯೆಯೊಡನೆ ಬಿಲ್ ಆಫ್ ಎಂಟ್ರಿ ದಾಖಲಾಗಿದ್ದರೆ 1,916.08 ರೂ.ಗಳು ಹೂಡುವಳಿ ತೆರಿಗೆಯಾಗಿ, ಅಂದರೆ ಇನ್‌ಪುಟ್ ಕ್ರೆಡಿಟ್ ಆಗಿ, ಮರಳಿ ದೊರೆಯುತ್ತವೆ. ನಿಜವಾದ ಸುಂಕದ ಹೊರೆ 1,054.90 ಮಾತ್ರ. ಮಾಲೀಕರ ಸ್ವಂತ ಹೆಸರಿನಲ್ಲಿ, ಅವರ ಆಧಾರ್ ಪ್ರತಿಯ ಮೇಲೆ ತರಿಸಿದ್ದರೆ ಪೂರ್ತಿ ಮೊತ್ತ ಹೋದಂತೆಯೇ. ಸ್ವಂತ ಬಳಕೆಯ ಸರಕಿಗೆ ಜಿಎಸ್‌ಟಿ ಅಧಿನಿಯಮದ 17(5)ನೆಯ ಕಲಂ ಜಮೆಯನ್ನು ತಡೆಯುತ್ತದೆ. ಆ ಮೇಲೆ ಪತ್ರಗಳನ್ನು ತಿದ್ದಿಸುವುದು ಸುಲಭವಲ್ಲ. ತುರ್ತೆಂದು ನೌಕರನ ಹೆಸರಿನಲ್ಲಿ ತರಿಸಿ, ವರ್ಷಾಂತ್ಯಕ್ಕೆ ಅದನ್ನು ಯಂತ್ರೋಪಕರಣದ ಲೆಕ್ಕಕ್ಕೆ ಸೇರಿಸಲು ಕೇಳುವುದೂ ಅಪರೂಪವಲ್ಲ. ಆ ನೌಕರನು ಆಮದುದಾರನಾಗಿ ದಾಖಲಾಗಿದ್ದಾನೆ ಎಂಬುದು ಅವನಿಗೇ ಗೊತ್ತಿರುವುದಿಲ್ಲ.

ಸ್ವಂತ ಬಳಕೆಯ ಆಮದಿಗೆ ಸುಂಕಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. 2026ರ ಫೆಬ್ರವರಿಯ ಆಯವ್ಯಯದಲ್ಲಿ ಇದರ ಮೂಲ ದರವನ್ನು ಶೇ. 20ರಿಂದ ಶೇ. 10ಕ್ಕೆ ಇಳಿಸುವ ಪ್ರಸ್ತಾವ ಮಂಡನೆಯಾಯಿತು. ವ್ಯಾಪಾರ, ತಯಾರಿಕೆ ಅಥವಾ ಕೃಷಿಗೆ ಸಂಬಂಧಿಸದ ಸ್ವಂತ ಬಳಕೆಯ ಆಮದಿಗೆ ಐಇಸಿ ಕೂಡ ಬೇಕಿಲ್ಲ. ಈ ಸೌಲಭ್ಯವೇ ಪ್ರಲೋಭನೆ. ಒಂದು ಮೋಟಾರು ಹವ್ಯಾಸ. ಒಂದೇ ಬಗೆಯ ನಲವತ್ತು ಮೋಟಾರುಗಳು ಹವ್ಯಾಸವೆಂದು ಯಾವ ಅಧಿಕಾರಿಯೂ ಒಪ್ಪಲಾರ. ತಿಂಗಳಿಗೆ ಹತ್ತರಂತೆ ನಾಲ್ಕು ತಿಂಗಳು ತರಿಸಿದರೂ ಉತ್ತರ ಅದೇ, ಏಕೆಂದರೆ ಒಂದೇ ವಿಳಾಸಕ್ಕೆ, ಒಂದೇ ಗುರುತಿನ ಚೀಟಿಯ ಮೇಲೆ ಬಂದ ಪೊಟ್ಟಣಗಳೆಲ್ಲ ದಾಖಲೆಯಲ್ಲಿ ಒಟ್ಟಿಗೆ ಕಾಣುತ್ತವೆ.

ಸುಂಕ ಕಟ್ಟಿದರೂ ಬರಲಾಗದವು

ಕೆಲವು ವಸ್ತುಗಳ ವಿಷಯದಲ್ಲಿ ಸುಂಕದ ಪ್ರಶ್ನೆಯೇ ಏಳುವುದಿಲ್ಲ. ಡ್ರೋನ್ ಇವುಗಳಲ್ಲಿ ಮೊದಲನೆಯದು. 2022ರ ಫೆಬ್ರವರಿ 9ರ ಅಧಿಸೂಚನೆಯು ಡ್ರೋನ್‌ಗಳನ್ನು ಪೂರ್ಣ ಜೋಡಿಸಿದ ರೂಪದಲ್ಲಾಗಲಿ, ಅರೆ ಜೋಡಿಸಿದ ಅಥವಾ ಬಿಡಿ ಕಿಟ್‌ಗಳ ರೂಪದಲ್ಲಾಗಲಿ ಆಮದು ಮಾಡುವುದನ್ನು ನಿಷೇಧಿಸಿತು; ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗೆ ಮಾತ್ರ ಅನುಮತಿಯ ಮೇಲೆ ವಿನಾಯಿತಿ. ಬಿಡಿ ಭಾಗಗಳ ಆಮದಿಗೆ ಅನುಮತಿ ಬೇಡ. ದುಬೈಯಿಂದ ಮಗಳ ಮದುವೆಯ ಚಿತ್ರೀಕರಣಕ್ಕೆಂದು ಡ್ರೋನ್ ತರುವ ಪ್ರಯಾಣಿಕರು ಬಿಲ್ಲು, ಬೆಲೆ ಎಲ್ಲವನ್ನೂ ಸರಿಯಾಗಿ ತೋರಿಸಿಯೂ ಅದನ್ನು ಬಿಟ್ಟುಬರಬೇಕಾಗುವುದು ಇದೇ ಕಾರಣಕ್ಕೆ. ಮಾದರಿ ವಿಮಾನಗಳ ದೂರನಿಯಂತ್ರಕ ಮುಂತಾದ ನಿಸ್ತಂತು ಸಾಧನಗಳಿಗೆ ದೂರಸಂಪರ್ಕ ಇಲಾಖೆಯ ನಿಸ್ತಂತು ಘಟಕದ ಸಾಧನ ಮಾದರಿ ಅನುಮೋದನೆ ಬೇಕು. ಇಲೆಕ್ಟ್ರಾನಿಕ್ ಸಿಗರೇಟು 2019ರಿಂದ ಪೂರ್ಣ ನಿಷಿದ್ಧ. ತೋಟಗಾರಿಕೆಯ ಹವ್ಯಾಸಿಗಳು ತರಿಸುವ ಬೀಜ, ಗೆಡ್ಡೆಗಳಿಗೆ 2003ರ ಸಸ್ಯ ಸಂಪರ್ಕತಡೆ ಆದೇಶ ಅನ್ವಯಿಸುತ್ತದೆ. ಯಾರೂ ಕೇಳದ ಬೀಜದ ಪೊಟ್ಟಣಗಳು ಹಲವು ದೇಶಗಳಲ್ಲಿ ಅಂಚೆಯ ಮೂಲಕ ಮನೆಗಳಿಗೆ ಬಂದು ಬೀಳತೊಡಗಿದಾಗ, 2020ರ ಆಗಸ್ಟ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯವೂ ಎಚ್ಚರಿಕೆ ನೀಡಿತ್ತು.

ಆಟಿಕೆಗಳ ಮಾತು ಚನ್ನಪಟ್ಟಣದವರಿಗೆ ಹತ್ತಿರದ್ದು. ಆಟಿಕೆಗಳ ಮೂಲ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಲಾಯಿತು. 2021ರ ಜನವರಿ 1ರಿಂದ ಗುಣಮಟ್ಟ ನಿಯಂತ್ರಣ ಆದೇಶ ಜಾರಿಗೆ ಬಂದು, 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ತಯಾರಾದ ವಸ್ತುವಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳ ಮತ್ತು ಭೌಗೋಳಿಕ ಸೂಚಿಯ ಆಟಿಕೆಗಳಿಗೆ ಇದರಿಂದ ವಿನಾಯಿತಿಯಿದೆ. ವಿದೇಶಿ ಮಾದರಿಯೊಂದನ್ನು ತರಿಸಿ ನೋಡಬೇಕೆನ್ನುವ ತಯಾರಕರು, ಅದು ಮಕ್ಕಳ ಆಟಿಕೆಯೋ ದೊಡ್ಡವರ ಸಂಗ್ರಹದ ಮಾದರಿಯೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ವಯಸ್ಸಿನ ಸೂಚನೆಯನ್ನು ಅಧಿಕಾರಿಗಳೂ ಓದುತ್ತಾರೆ.

ಕಳುಹಿಸುವವರ ಪಾಲಿಗೂ ಬಾಗಿಲುಗಳು ಕಿರಿದಾಗಿವೆ. ಅಮೆರಿಕವು 800 ಡಾಲರಿನವರೆಗಿನ ಪೊಟ್ಟಣಗಳಿಗೆ ನೀಡುತ್ತಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿದಾಗ, ಭಾರತೀಯ ಅಂಚೆಯು ಆ ದೇಶಕ್ಕೆ ಬಹುತೇಕ ಪೊಟ್ಟಣಗಳನ್ನು ಸ್ವೀಕರಿಸುವುದನ್ನೇ ಆಗಸ್ಟ್ 25ರಿಂದ ನಿಲ್ಲಿಸಬೇಕಾಯಿತು. ಅಕ್ಟೋಬರ್ 15ರಂದು ಸೇವೆ ಪುನರಾರಂಭವಾದಾಗ, ಸುಂಕವನ್ನು ಕಳುಹಿಸುವವರಿಂದಲೇ ಮುಂಗಡವಾಗಿ ಪಡೆಯುವ ವ್ಯವಸ್ಥೆ ಬಂದಿತು. ಐರೋಪ್ಯ ಒಕ್ಕೂಟವು 22 ಯೂರೋವರೆಗಿನ ಸರಕಿಗಿದ್ದ ಮೌಲ್ಯವರ್ಧಿತ ತೆರಿಗೆಯ ವಿನಾಯಿತಿಯನ್ನು 2021ರ ಜುಲೈ 1ರಂದೇ ತೆಗೆದುಹಾಕಿತ್ತು. ಬೆಲೆ ನಿಗದಿ ಮಾಡುವಾಗ ಗ್ರಾಹಕನ ದೇಶದ ತೆರಿಗೆಯನ್ನು ಯಾರು ಕಟ್ಟುವರೆಂಬುದನ್ನು ಕರಾರಿನಲ್ಲಿ ಬರೆಯದೆ ಕಳುಹಿಸಿದ ಪೊಟ್ಟಣ, ಗ್ರಾಹಕನು ನಿರಾಕರಿಸಿದರೆ, ಎರಡೂ ಕಡೆಯ ಸಾಗಣೆ ವೆಚ್ಚ ಹೊತ್ತು ಮರಳುತ್ತದೆ.

ಪ್ರಯಾಣಿಕನ ಪೆಟ್ಟಿಗೆ

ವಿದೇಶದಿಂದ ಮರಳುವ ಪ್ರಯಾಣಿಕನಿಗೆ ಸುಂಕರಹಿತವಾಗಿ ತರಲು ಒಂದು ಮಿತಿಯಿದೆ. 2016ರ ನಿಯಮಗಳಲ್ಲಿ 50,000 ರೂ. ಇದ್ದ ಈ ಮಿತಿಯನ್ನು 2026ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳು, ವಿಮಾನ ಅಥವಾ ಹಡಗಿನಲ್ಲಿ ಬರುವ ಭಾರತೀಯ ನಿವಾಸಿಗೆ 75,000 ರೂ.ಗೆ ಏರಿಸಿವೆ. ಆದರೆ ಈ ಮಿತಿ ನೈಜ ಸ್ವಂತ ಸಾಮಾನಿಗೆ ಮಾತ್ರ. ಮಾರಾಟಕ್ಕೆಂದು ತಂದ ಸರಕು 20,000 ರೂ.ಗಳದ್ದಾದರೂ ಈ ವಿನಾಯಿತಿಯ ಹೊರಗೆ.

ವರ್ತಕರಿಗೆ ಉಪಯುಕ್ತವಾದ, ಆದರೆ ಹೆಚ್ಚು ಪ್ರಚಾರ ಪಡೆಯದ ಅವಕಾಶ ವಿದೇಶ ವ್ಯಾಪಾರ ನೀತಿಯಲ್ಲಿದೆ. ಮುಕ್ತವಾಗಿ ಆಮದು ಮಾಡಬಹುದಾದ ವಸ್ತುಗಳ ಮಾದರಿಗಳನ್ನು ಪ್ರಯಾಣ ಸಾಮಾನಿನೊಡನೆ ಪರವಾನಗಿ ಇಲ್ಲದೆ ತರಬಹುದು. ರಫ್ತುದಾರರು ನಕ್ಷೆ, ಲೇಬಲ್, ಬೆಲೆಚೀಟಿ, ಗುಂಡಿ, ಬೆಲ್ಟ್, ಅಲಂಕಾರ ಪಟ್ಟಿ ಮುಂತಾದ ರಫ್ತಿಗೆ ಬೇಕಾದ ಸಾಮಗ್ರಿಗಳನ್ನೂ ಹಾಗೆಯೇ ತರಬಹುದು. ಬೆಂಗಳೂರಿನ ಸಿದ್ಧ ಉಡುಪು ತಯಾರಕರಿಗೂ ಬಳ್ಳಾರಿಯ ಜೀನ್ಸ್ ತಯಾರಕರಿಗೂ ಇದು ನೇರವಾಗಿ ಒದಗುತ್ತದೆ. ಪರವಾನಗಿ ಬೇಡವೆಂದರೆ ಸುಂಕ ಬೇಡವೆಂದು ಅರ್ಥವಲ್ಲ. ಘೋಷಣೆಯಂತೂ 77ನೆಯ ಕಲಮಿನ ಮೇರೆಗೆ ಕಡ್ಡಾಯ. ಹಸಿರು ದಾರಿಯಲ್ಲಿ ನಡೆದು ಸಿಕ್ಕಿಬಿದ್ದ ಮೇಲೆ ಮಾಡುವ ಘೋಷಣೆಗೆ ಬೆಲೆಯಿಲ್ಲ. ತಂದ ವಸ್ತುವಿನ ಬಗ್ಗೆ ಸಂಶಯವಿದ್ದರೆ ಕೆಂಪು ದಾರಿಯಲ್ಲಿ ಹೋಗಿ ಘೋಷಿಸಿ, 80ನೆಯ ಕಲಮಿನಂತೆ ಅದನ್ನು ಕಸ್ಟಮ್ಸ್ ವಶದಲ್ಲಿ ಇಟ್ಟು, ದೇಶ ಬಿಡುವಾಗ ಮರಳಿ ಪಡೆಯಬಹುದು. ನೈಜ ಘೋಷಣೆ ಮಾಡಿದವರಿಗೆ ಮಾತ್ರ ಈ ಸೌಲಭ್ಯ.

ಹೊರಡುವ ಪೆಟ್ಟಿಗೆಯಲ್ಲಿ ತೊಂದರೆ ಕೊಡುವ ವಸ್ತುಗಳು ನಮ್ಮ ಅಡುಗೆಮನೆಯಲ್ಲಿಯೇ ಇವೆ. ತಿಪಟೂರಿನ ಕೊಬ್ಬರಿ ವಿಮಾನ ಸಾರಿಗೆಯಲ್ಲಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಅಪಾಯಕಾರಿ ಪದಾರ್ಥಗಳ ವರ್ಗಕ್ಕೆ ಸೇರುತ್ತದೆ. ಅದರ ಎಣ್ಣೆಯ ಅಂಶವೇ ಕಾರಣ. ಗಿರಾಕಿಗೆ ತೋರಿಸಲೆಂದು ನಾಲ್ಕು ಗಿಟಕು ಇಟ್ಟುಕೊಂಡವರೂ ತಪಾಸಣೆಯಲ್ಲಿ ಅದನ್ನು ಬಿಟ್ಟುಕೊಡಬೇಕಾಗುತ್ತದೆ. ಗಸಗಸೆ ಇಲ್ಲಿ ಪಾಯಸದ ಸಾಮಗ್ರಿ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಅದು ಮಾದಕ ವಸ್ತುಗಳ ಕಾನೂನಿಗೆ ಒಳಪಟ್ಟ ನಿಷಿದ್ಧ ಪದಾರ್ಥ. ಮಸಾಲೆ ಮಾದರಿಗಳನ್ನು ಒಯ್ಯುವವರು ಮಿಶ್ರಣದಲ್ಲಿ ಗಸಗಸೆ ಇದೆಯೇ ಎಂದು ತಮ್ಮ ತಯಾರಿಕಾ ವಿಭಾಗವನ್ನೇ ಕೇಳಿ ತಿಳಿಯುವುದು ಲೇಸು.

ಲಿಥಿಯಂ ಬ್ಯಾಟರಿಯ ಬಿಡಿ ಘಟಕಗಳು ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು. ಮಿತಿ ವ್ಯಾಟ್-ಗಂಟೆಯಲ್ಲಿದೆ: 100ರವರೆಗೆ ಸಾಮಾನ್ಯ ಅವಕಾಶ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ, ಅದಕ್ಕೂ ಮೇಲಿನದು ಪ್ರಯಾಣ ಸಾಮಾನಿನಲ್ಲಿ ಹೋಗುವಂತಿಲ್ಲ. ಬ್ಯಾಟರಿಯ ಮೇಲೆ 20,000 ಮಿಲಿಆಂಪಿಯರ್-ಗಂಟೆ, 3.7 ವೋಲ್ಟ್ ಎಂದಿದ್ದರೆ, 20 ಅನ್ನು 3.7ರಿಂದ ಗುಣಿಸಿದಾಗ ಬರುವ 74 ಅದರ ವ್ಯಾಟ್-ಗಂಟೆ. ಅಂಕಿ ಅಳಿಸಿಹೋದ ಬ್ಯಾಟರಿಯನ್ನು ಲೆಕ್ಕ ಹಾಕಿ ತೋರಿಸಲು ಸಾಧ್ಯವಿಲ್ಲವಾದ್ದರಿಂದ ಅದನ್ನು ಒಯ್ಯದಿರುವುದೇ ಕ್ಷೇಮ.

ಬೀದರಿನ ಹಳೆಯ ಹುಕ್ಕಾ ಬುರುಡೆಯನ್ನೋ ಮನೆತನದ ಕಂಚಿನ ವಿಗ್ರಹವನ್ನೋ ಮಳಿಗೆಯ ಶೋಭೆಗೆಂದು ಒಯ್ಯುವವರು 1972ರ ಪುರಾವಸ್ತುಗಳ ಅಧಿನಿಯಮವನ್ನು ನೆನೆಯಬೇಕು. ನೂರು ವರ್ಷ ಮೀರಿದ ಕಲಾವಸ್ತುವನ್ನೂ ಎಪ್ಪತ್ತೈದು ವರ್ಷ ಮೀರಿದ ಮಹತ್ವದ ಹಸ್ತಪ್ರತಿಯನ್ನೂ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅಪರಾಧಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ಹೊಸ ವಸ್ತುವೇ ಹಳೆಯದರಂತೆ ಕಾಣುವುದಾದರೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಮೊದಲೇ ಪಡೆಯಬೇಕು. ಬಿದರಿ ಕೆಲಸಕ್ಕೆ ಕಪ್ಪು ಬಣ್ಣವೇ ಸಹಜವಾದ್ದರಿಂದ ಈ ಗೊಂದಲ ಸುಲಭವಾಗಿ ಹುಟ್ಟುತ್ತದೆ.

ಮೈಸೂರಿನ ಕೆತ್ತನೆ ಫಲಕಗಳ ಬೀಟೆ ಮರ ಮತ್ತೊಂದು ಸೂಕ್ಷ್ಮ ವಿಷಯ. ಬೀಟೆಯ ಕುಲವೆಲ್ಲವೂ 2017ರ ಜನವರಿಯಲ್ಲಿ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು. 2022ರ ನವೆಂಬರಿನಲ್ಲಿ ಪನಾಮಾದಲ್ಲಿ ನಡೆದ ಸಮ್ಮೇಳನದಲ್ಲಿ ಭಾರತದ ಮನವಿಯ ಮೇಲೆ, ಹತ್ತು ಕಿಲೋ ಮಿತಿಯನ್ನು ಇಡೀ ರವಾನೆಗಲ್ಲದೆ ಒಂದೊಂದು ವಸ್ತುವಿನ ಮರದ ತೂಕಕ್ಕೆ ಲೆಕ್ಕ ಹಾಕಲು ಒಪ್ಪಿಗೆ ದೊರೆಯಿತು. ಸಣ್ಣ ತಯಾರಕರಿಗೆ ಇದು ನಿಜವಾದ ನೆರವು. ಶ್ರೀಗಂಧದಲ್ಲಿ ಪೂರ್ಣಗೊಂಡ ಕರಕುಶಲ ವಸ್ತು ಹೋಗಬಹುದು; ಮರದ ತುಂಡು ನಿರ್ಬಂಧಿತ, ನೆನಪಿಗೆಂದು ಒಯ್ಯುವ ಗೇಣುದ್ದದ್ದಾದರೂ ಸರಿ.

ಮೇಳಕ್ಕೆ ಹೋಗಿ ಮರಳುವ ಸರಕು

ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳಕ್ಕೆ ಚನ್ನಪಟ್ಟಣದ ತಯಾರಕರೊಬ್ಬರು ಎರಡು ಪೆಟ್ಟಿಗೆ ಮಾದರಿಗಳನ್ನು ಒಯ್ಯುವರೆನ್ನೋಣ. ಎಟಿಎ ಕಾರ್ನೆ ಎಂಬ ಅಂತರರಾಷ್ಟ್ರೀಯ ಪತ್ರ ಇದಕ್ಕೆಂದೇ ಇದೆ. 1961ರ ಒಪ್ಪಂದದಿಂದ ಹುಟ್ಟಿದ ಈ ಪತ್ರವು ಸರಕಿಗೆ ಪಾಸ್‌ಪೋರ್ಟ್ ಇದ್ದಂತೆ. ಮೇಳದ ದೇಶದಲ್ಲಿ ಸುಂಕವನ್ನಾಗಲಿ ಠೇವಣಿಯನ್ನಾಗಲಿ ಕಟ್ಟಬೇಕಿಲ್ಲ. ಭಾರತದಲ್ಲಿ ಇದರ ಖಾತರಿದಾರ ಸಂಸ್ಥೆ ಫಿಕ್ಕಿ. ಅವಧಿ ಗರಿಷ್ಠ ಒಂದು ವರ್ಷ. ಹಂಚಿಬಿಡುವ, ತಿಂದು ಅಥವಾ ಉರಿಸಿ ಮುಗಿಸುವ ವಸ್ತುಗಳಿಗೆ ಇದು ಸಲ್ಲದು, ಊದುಬತ್ತಿಯವರು ಗಮನಿಸಬೇಕು. ಪ್ರತಿ ಗಡಿಯಲ್ಲಿಯೂ ಕಾರ್ನೆಯ ಹಾಳೆಗೆ ಮುದ್ರೆ ಬೀಳಬೇಕು. ಮರಳುವ ಆತುರದಲ್ಲಿ ಒಂದು ಮುದ್ರೆ ತಪ್ಪಿದರೆ, ಸರಕು ಆ ದೇಶದಲ್ಲಿಯೇ ಉಳಿಯಿತೆಂದು ಭಾವಿಸಿ ಸುಂಕದ ಬೇಡಿಕೆ ಖಾತರಿಯ ಮೇಲೆ ಬರುತ್ತದೆ.

ಇಷ್ಟು ಮಾಡಿದವರೂ ಎಡವುವ ಒಂದು ಸ್ಥಳವಿದೆ. ಜಿಎಸ್‌ಟಿ ಇಲಾಖೆಯ 2019ರ ಜುಲೈ 18ರ 108ನೆಯ ಸುತ್ತೋಲೆಯಂತೆ, ಪ್ರದರ್ಶನಕ್ಕೆ ಹೊರದೇಶಕ್ಕೆ ಒಯ್ದ ಸರಕು ಪೂರೈಕೆಯಲ್ಲ. ಡೆಲಿವರಿ ಚಲನ್ ಸಾಕು, ಬಾಂಡ್ ಅಥವಾ ಮುಚ್ಚಳಿಕೆ ಬೇಡ. ಆದರೆ ಆರು ತಿಂಗಳೊಳಗೆ ಅದು ಮಾರಾಟವಾಗಬೇಕು ಅಥವಾ ಮರಳಬೇಕು. ಎರಡೂ ಆಗದಿದ್ದರೆ ಅವಧಿ ಮುಗಿದ ದಿನ ಪೂರೈಕೆಯಾಯಿತೆಂದೇ ಲೆಕ್ಕ, ಆ ದಿನಾಂಕದ ಇನ್‌ವಾಯ್ಸ್ ಬರೆಯಬೇಕು. ಕಾರ್ನೆಯ ಒಂದು ವರ್ಷವನ್ನು ನಂಬಿ ಸರಕನ್ನು ಯೂರೋಪಿನ ಮುಂದಿನ ಮೇಳಕ್ಕೆ ಅಲ್ಲಿಯೇ ಬಿಟ್ಟು ಬಂದವರಿಗೆ ಈ ಆರು ತಿಂಗಳು ತಿಳಿಯದೆ ಕಳೆದುಹೋಗಿರುತ್ತದೆ. ಒಂದು ಕಾನೂನಿನ ಅವಧಿ ಇನ್ನೊಂದಕ್ಕೆ ಅನ್ವಯವಾಗದೆಂಬುದನ್ನು ಕಾರ್ನೆ ಕೊಡುವ ಮೇಜಿನಲ್ಲಿ ಯಾರೂ ಹೇಳುವುದಿಲ್ಲ. ಅದು ಅವರ ಕೆಲಸವೂ ಅಲ್ಲ.

ಇನ್ನು ಯಾವ ಪತ್ರವೂ ಇಲ್ಲದೆ ಸೂಟ್‌ಕೇಸಿನಲ್ಲಿ ಒಯ್ದ ಸರಕು. 20ನೆಯ ಕಲಮಿನಂತೆ, ಹೊರಹೋಗಿ ಮರಳಿದ ಭಾರತೀಯ ಸರಕಿಗೂ ಹೊಸ ಆಮದಿನಂತೆಯೇ ಸುಂಕ. 2017ರ 45ನೆಯ ಕಸ್ಟಮ್ಸ್ ಅಧಿಸೂಚನೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ಮರಳಿದ್ದಕ್ಕೆ ರಿಯಾಯಿತಿ ಕೊಡುತ್ತದೆ, ಆದರೆ ಹೋದದ್ದೂ ಬಂದದ್ದೂ ಒಂದೇ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಚಿತ್ರ, ಕ್ರಮಸಂಖ್ಯೆ, ತೂಕ, ಮಾದರಿಯ ವಿವರಗಳು ಹೋಗುವಾಗಿನ ಪತ್ರದಲ್ಲಿಯೇ ಇರಬೇಕು. ತನ್ನ ಕಾರ್ಖಾನೆಯ ಆಟಿಕೆ ತನ್ನದೇ ಎಂದು ವಾದಿಸುತ್ತ ವಿಮಾನ ನಿಲ್ದಾಣದಲ್ಲಿ ನಿಲ್ಲುವ ಸ್ಥಿತಿ ಯಾರಿಗೂ ಬೇಡ.

ಕ್ಯಾಮೆರಾ, ಅಳತೆಯ ಉಪಕರಣ, ವೀಣೆ ಮುಂತಾದ ಬೆಲೆಬಾಳುವ ಸ್ವಂತ ವಸ್ತುಗಳನ್ನು ಒಯ್ಯುವ ಪ್ರಯಾಣಿಕರು ನಿರ್ಗಮನದ ಮೊದಲು ಕಸ್ಟಮ್ಸ್ ಅಧಿಕಾರಿಯಿಂದ ರಫ್ತು ಪ್ರಮಾಣಪತ್ರ ಪಡೆಯಬಹುದು. ಅಧಿಕಾರಿಯು ವಸ್ತುವನ್ನು ಕಣ್ಣಾರೆ ನೋಡಿಯೇ ಅದನ್ನು ಕೊಡಬೇಕು. ಆದ್ದರಿಂದ ಪೆಟ್ಟಿಗೆಯನ್ನು ವಿಮಾನ ಸಂಸ್ಥೆಯ ಪಟ್ಟಿಯ ಮೇಲೆ ಇಡುವ ಮುನ್ನವೇ ಕಸ್ಟಮ್ಸ್ ಮೇಜಿಗೆ ಹೋಗಬೇಕು. ಪೆಟ್ಟಿಗೆ ಒಳಗೆ ಸಾಗಿದ ಮೇಲೆ ಕೇಳಿದರೆ ಪ್ರಮಾಣಪತ್ರ ದೊರೆಯುವುದಿಲ್ಲ.